ಮುಟ್ಟಿ ಹೋಗಿ

ನನ್ನ ಇಂಗ್ಲಿಷು ಹತ್ತನೆಯ ತರಗತಿಯದು. ಒಂದೊಂದು ಪದಕ್ಕೂ ಅರ್ಥ ಹಚ್ಚಿ ಕೂಡಿಸಿದರೆ ವಾಕ್ಯ ತಿಳಿಯುತ್ತದೆ ಎಂದು ಭಾಲ್ಕಿಯ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಔರಾದದಲ್ಲಿ ನಮ್ಮ ಯಜಮಾನರಿಗೆ ಪಂಪು ರಿಪೇರಿಯ ಅಂಗಡಿ ಇತ್ತು. ಅಲ್ಲಿಗೆ ಬರುವ ಡಬ್ಬಿಗಳ ಮೇಲಿನ ಬರಹವನ್ನು ಅವರಿಗೆ ಹಾಗೆಯೇ ಓದಿ ಹೇಳುತ್ತಿದ್ದೆ. ಕೆಲಸ ನಡೆಯುತ್ತಿತ್ತು.

ಎದೆನೋವು ಬಂದು ಅವರನ್ನು ಬೀದರಿನ ಆಸ್ಪತ್ರೆಯಲ್ಲಿ ಐಸಿಯುಗೆ ಸೇರಿಸಿದೆವು. ಮರುದಿನ ಬೆಳಿಗ್ಗೆ ಡಾಕ್ಟರು ಹೊರಗೆ ಬಂದರು. ಬೇರೆ ರಾಜ್ಯದವರು, ಕನ್ನಡ ಬಾರದು. “ಟಚ್ ಅಂಡ್ ಗೋ” ಎಂದು ಹೇಳಿ ಮುಂದೆ ಹೋದರು.

“ಏನಂದ್ರವ್ವ?” ಅತ್ತೆ ಕೇಳಿದರು.

“ಮುಟ್ಟಿ ಹೋಗ್ರಿ ಅಂದ್ರರಿ ಅತ್ತಿ.”

“ಗುಡ್ಯಾಗ ದೇವ್ರಿಗೇ ಮುಟ್ಲಾಕ ಬಿಡಲ್ಲ. ಪೂಜಾರಿಕಿಂತ ಇವ್ರೇ ಪಾಡ ನೋಡು,” ಎಂದು ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.

ನರ್ಸು ಬಾಗಿಲಲ್ಲೇ ತಡೆದಳು. ಡಾಕ್ಟರೇ ಹೇಳಿದ್ದಾರೆ ಎಂದೆ. ಚಪ್ಪಲಿ ಬಿಡಿಸಿ ಒಳಗೆ ಬಿಟ್ಟಳು. ಅತ್ತೆ ಮಗನ ಹಣೆ ಮುಟ್ಟಿದರು. ಯಜಮಾನರ ಕೈಯಲ್ಲಿ ಸೂಜಿ, ಪಟ್ಟಿ ಇಲ್ಲದ ಜಾಗವೆಂದರೆ ಹೆಬ್ಬೆರಳು. ನಾನು ಅದನ್ನು ಮುಟ್ಟಿದೆ. ತಣ್ಣಗಿತ್ತು. ಎಸಿಯ ತಂಪು ಅಂದುಕೊಂಡೆ. ಮುಟ್ಟಿದ್ದಾಯಿತು, ಇನ್ನು ಹೋಗಬೇಕು ಎಂದು ಹೊರಗೆ ಬಂದೆವು.

ಮುಟ್ಟಲು ಬಿಟ್ಟಿದ್ದಾರೆಂದರೆ ಆರಾಮ ಆಗುತ್ತಿದ್ದಾರೆ ಎಂದೇ ತಿಳಿದು, ಅತ್ತೆಯನ್ನು ಕರೆದುಕೊಂಡು, ಮಗಳ ಕಾಲೇಜಿಗೆಂದು ಬೀದರಿನಲ್ಲೇ ಮೈಲೂರಿನಲ್ಲಿ ಮಾಡಿದ್ದ ಮನೆಗೆ ಹೋದೆ. ಅಕ್ಕಿ ತೊಳೆದು ಕುಕ್ಕರಿಗೆ ಇಟ್ಟೆ. ಸೀಟಿ ಆಗುವ ಮೊದಲೇ ಆಸ್ಪತ್ರೆಯಿಂದ ಫೋನು ಬಂತು. ಹೋದರು ಎಂದರು. ಗ್ಯಾಸ್ ಆರಿಸಿದ್ದು ನೆನಪಿದೆ. ಆಮೇಲಿನದು ಅಷ್ಟಾಗಿ ಇಲ್ಲ.

ಮಗಳು ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಾಳೆ. ಪರೀಕ್ಷೆ ಇದ್ದುದರಿಂದ ಆ ದಿನ ಆಸ್ಪತ್ರೆಗೆ ಬಂದಿರಲಿಲ್ಲ. ದಿನಕರ್ಮಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದೆವು. ಡಾಕ್ಟರು ಕಡೆಗೆ ಏನಂದರು ಎಂದು ಕೇಳಿದಳು. ಅವರ ಮಾತನ್ನು ಹಾಗೆಯೇ ಹೇಳಿದೆ. ಅವಳ ಕೈ ನಿಂತಿತು.

“ಅವ್ವಾ, ಅದು ಹಂಗಲ್ಲ. ಉಳಿದ್ರ ಉಳಿದ್ರು, ಇಲ್ಲಂದ್ರ ಇಲ್ಲ ಅಂತ ಅದರ ಅರ್ಥ.”

“ಮತ್ತ ಟಚ್ ಅಂದ್ರ?”

“ಬಿಡಿಸಿ ನೋಡಬಾರ್ದವ್ವ. ಮೂರೂ ಕೂಡಿ ಒಂದೇ ಮಾತು.”

ಗೊತ್ತಿದ್ದರೆ ಮನೆಗೆ ಹೋಗುತ್ತಿರಲಿಲ್ಲ, ಅಲ್ಲೇ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಆದರೆ ಗೊತ್ತಿದ್ದರೆ ಒಳಗೂ ಹೋಗುತ್ತಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಯಾವುದಕ್ಕೂ ಅಳು ಬರುವುದಿಲ್ಲ.

ಪಡಸಾಲೆಯಲ್ಲಿ ಅತ್ತೆ, ಸಂತಪುರದಿಂದ ಬಂದಿದ್ದ ತಂಗಿಗೆ ಹೇಳುತ್ತಿದ್ದರು: “ದೊಡ್ಡ ಡಾಕ್ಟರೇ ಮುಟ್ಟಿ ಹೋಗ್ರಿ ಅಂದ್ರು. ಎಷ್ಟ ಮಂದಿಗಿ ಸಿಗ್ತದ ಹೇಳು? ನನ್ನ ಮಗನ ಹಣಿ ಮುಟ್ಟೇ ಬಂದೀನಿ.”

“ಆಯಿಗಿ ಹೇಳ್ಲೇನವ್ವ?” ಅಜ್ಜಿಯ ದನಿ ಬಂದ ಕಡೆ ನೋಡಿ ಮಗಳು ಮೆಲ್ಲಗೆ ಕೇಳಿದಳು.

“ಬ್ಯಾಡ.”

“ಖರೇನೇನವ್ವ, ಡಾಕ್ಟರು ಹಂಗಂದ್ರು?” ಅತ್ತೆಯ ತಂಗಿ ಅಲ್ಲಿಂದಲೇ ಕೂಗಿ ಕೇಳಿದರು.

“ಹೌದ್ರಿ,” ಎಂದೆ.

ಮಗಳು ಮೊರ ತನ್ನ ಕಡೆ ಎಳೆದುಕೊಂಡಳು.