ಹಂಡೆಯ ಮುಚ್ಚಳವೂ ಒಂಬತ್ತನೇ ನಂಬರಿನ ಗಾಡಿಯೂ

ನಿಮ್ಮ ಮನೆಯ ಬಚ್ಚಲಿನಲ್ಲಿ ಈಗಲೂ ತಾಮ್ರದ ಹಂಡೆಯೊಂದು ಉಳಿದಿದ್ದರೆ, ಅದರ ಮುಚ್ಚಳ ಮಾತ್ರ ಅದರೊಡನೆ ಹುಟ್ಟಿದ್ದಲ್ಲವೆಂದು ನಾನು ಇಲ್ಲಿ ಕುಳಿತೇ ಪಂದ್ಯ ಕಟ್ಟಬಲ್ಲೆ. ಹಂಡೆಗಳು ಚಿರಂಜೀವಿಗಳು, ಮುಚ್ಚಳಗಳು ಅಲ್ಪಾಯುಷಿಗಳು. ಹೀಗಾಗಿ ಒಂದು ಮನೆಯ ಹಂಡೆ ಹಳೆಯ ಊಟದ ತಟ್ಟೆಯನ್ನು ತಲೆಗೇರಿಸಿಕೊಂಡಿದ್ದರೆ, ಇನ್ನೊಂದು ಮನೆಯದು ಎಣ್ಣೆ ಡಬ್ಬದ ತಗಡನ್ನು ಕಿರೀಟದಂತೆ ಧರಿಸಿರುತ್ತದೆ. ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿ ನನ್ನ ಚಿಕ್ಕಪ್ಪನ ಮನೆಯ ಹಂಡೆಯ ಮೇಲೆ ಕೋಳಿಮೊಟ್ಟೆಯ ಆಕಾರದ ತಗಡೊಂದು ಎಷ್ಟೋ ವರ್ಷಗಳಿಂದ ಕುಳಿತಿದೆ. ಹೊಗೆ ಕುಡಿದು ಕುಡಿದು ಕಪ್ಪಾದ ಅದರ ನೆತ್ತಿಯ ಮೇಲೆ ದಾರದ ಖಾಲಿ ರೀಲನ್ನು ತಂತಿಯಿಂದ ಬಿಗಿದು ಚಿಕ್ಕಮ್ಮ ಹಿಡಿ ಮಾಡಿಕೊಂಡಿದ್ದಾಳೆ. ಗುಂಡು ಬಾಯಿಗೆ ಮೊಟ್ಟೆ ಮುಚ್ಚಳ ಹೊಂದದೆ, ಎರಡು ಬದಿಯಲ್ಲಿ ಬಿದಿಗೆ ಚಂದ್ರನಂಥ ಕಂಡಿಗಳು ಉಳಿದು ಆವಿ ಹೊರಬೀಳುತ್ತದೆ. ಅದನ್ನು ಎತ್ತಿ ತೋರಿಸಿದರೆ, "ಅದೂ ಉಸ್ರಾಡ್ಬೇಕಲ್ಲ, ಬುಡು" ಎನ್ನುತ್ತಾಳೆ. ಈ ಮುಚ್ಚಳಕ್ಕೊಂದು ಪೂರ್ವಾಶ್ರಮವಿದೆಯೆಂದು ನನಗೆ ತಿಳಿದದ್ದು ಕಳೆದ ಬೇಸಿಗೆಯಲ್ಲಿ. ಅದನ್ನು ಹೇಳಬೇಕಾದರೆ ಮೊದಲು ಕೊಟ್ಟಿಗೆಯ ಸಮಾಚಾರ ಹೇಳಬೇಕು.

ಕೊಟ್ಟಿಗೆಯಲ್ಲಿ ಹಸುವಿನ ಪಕ್ಕದಲ್ಲಿ ಗೋಣಿತಾಟು ಹೊದ್ದ ಒಂದು ಮೋಟಾರ್ ಸೈಕಲ್ಲಿದೆ. ಅದಕ್ಕೆ ದೀಪವಿಲ್ಲ, ಹಾರನ್ನಿಲ್ಲ, ಹಿಂದೆ ಇನ್ನೊಬ್ಬರು ಕೂರಲು ಜಾಗವಿಲ್ಲ, ಸರ್ಕಾರ ದಯಪಾಲಿಸಿದ ನಂಬರೂ ಇಲ್ಲ. ಅದು ರಸ್ತೆಗಾಗಿ ಹುಟ್ಟಿದ್ದೇ ಅಲ್ಲ. ಹಳ್ಳ, ದಿಣ್ಣೆ, ಕೆಸರುಗಳ ಮೇಲೆ ನೆಗೆಯುತ್ತ ಓಡುವ ಮೋಟೋಕ್ರಾಸ್ ಎಂಬ ಪಂದ್ಯಕ್ಕೆಂದೇ ಯೂರೋಪಿನ ಯಾವುದೋ ಚಳಿ ದೇಶದಲ್ಲಿ ಕೆಲವೇ ಕೆಲವು ತಯಾರಾದವಂತೆ. ಅವುಗಳಲ್ಲೊಂದು ಬೆಂಗಳೂರಿನ ಸಾಹುಕಾರನೊಬ್ಬನ ಕೈಗೆ ಬಂದು, ಇಂಜಿನ್ ಸುಟ್ಟುಕೊಂಡು, ಕಡೆಗೆ ಶಿರಾದ ಗುಜರಿ ಅಂಗಡಿಯಲ್ಲಿ ಮೋಕ್ಷಕ್ಕೆ ಕಾಯುತ್ತ ಬಿದ್ದಿತ್ತು. ಆಗಿನ್ನೂ ಮೀಸೆ ಚಿಗುರುತ್ತಿದ್ದ ಚಿಕ್ಕಪ್ಪ ಕಡಲೆಕಾಯಿ ಮಾರಲು ಪೇಟೆಗೆ ಹೋದವನು, ಮೂಟೆಗಳನ್ನು ತೂಗಿ ಕೊಟ್ಟು, ಗಾಡಿಯನ್ನು ತೂಗಿಸಿಕೊಂಡು ಬಂದ. ಅಪರೂಪದ ಆ ಯಂತ್ರಕ್ಕೆ ನಮ್ಮ ಸೀಮೆಯಲ್ಲಿ ಆದ ಮೊದಲ ಮೌಲ್ಯಮಾಪನ ಅದು: ಹಳೇ ಕಬ್ಬಿಣದ ದರ.

ತಂದದ್ದೇನೋ ಆಯಿತು, ಬಿಡಿಭಾಗಕ್ಕೆ ಚಳಿ ದೇಶಕ್ಕೆ ಹೋಗುವವರಾರು? ಆದ್ದರಿಂದ ಗಾಡಿಯೇ ನಾಲ್ಕು ತಾಲ್ಲೂಕು ಸುತ್ತಿತು. ತೂತು ಬಿದ್ದ ಪೆಟ್ರೋಲ್ ಟ್ಯಾಂಕಿನ ಬದಲು ಶಿರಾದ ತಗಡು ಕೆಲಸದ ಸಾಬರು ಹೊಸದೊಂದನ್ನು ಬಡಿದು ಕೊಟ್ಟರು. ಅದರ ಉಬ್ಬು ನೋಡಿದರೆ ಅವರ ಕೈಗೆ ಕೊಡಪಾನದ ಅಭ್ಯಾಸ ಹೆಚ್ಚೆಂದು ತಿಳಿಯುತ್ತಿತ್ತು. ಸುಟ್ಟ ಇಂಜಿನ್ನಿಗೆ ಜೀವ ಬಂದದ್ದೂ ಹಿಂದಿನ ಹಲ್ಲುಚಕ್ರ ತಯಾರಾದದ್ದೂ ಮಧುಗಿರಿಯ ಲೇತ್ ಅಂಗಡಿಯಲ್ಲಿ. ಸೀಟನ್ನು ಕೊರಟಗೆರೆಯಲ್ಲಿ ಬಸ್ಸಿನ ಸೀಟು ಹೊಲಿಯುವವನು ಬಸ್ಸಿನದೇ ಕೆಂಪು ರೆಕ್ಸಿನ್ನಿನಲ್ಲಿ ಹೊಲಿದ. ಮುರಿದ ಚೌಕಟ್ಟನ್ನು ಪಾವಗಡದ ವೆಲ್ಡಿಂಗಿನವನು ಬೆಸೆದು, "ಏಂ ಕಾದಪ್ಪಾ, ನಿನ್ ಮೊಮ್ಮಕ್ಕಳ ಕಾಲಕ್ಕೂ ಇಂಗೇ ಉಂಟುಂದಿ" ಎಂದು ತೆಲುಗು, ಕನ್ನಡ ಎರಡೂ ಭಾಷೆಗಳಲ್ಲಿ ಗ್ಯಾರಂಟಿ ಕೊಟ್ಟ. ಹೀಗೆ ಸರ್ವಾಂಗ ಚಿಕಿತ್ಸೆ ಪಡೆದ ಗಾಡಿ ಬೇಸಿಗೆಗಳಲ್ಲಿ ಒಣಗಿದ ಕೆರೆಯಂಗಳದ ಪಂದ್ಯಗಳಲ್ಲಿ ಧೂಳೆಬ್ಬಿಸಿ, ಬೆಂಗಳೂರಿನಿಂದ ಬಂದ ಹೊಚ್ಚ ಹೊಸ ಗಾಡಿಗಳಿಗೆ ತನ್ನ ಬೆನ್ನನ್ನಷ್ಟೇ ತೋರಿಸಿತು. ಮಗಳು ಸುಧಾ ಹುಟ್ಟಿದ ಮೇಲೆ ಚಿಕ್ಕಪ್ಪ ಪಂದ್ಯ ಬಿಟ್ಟ. ಆದರೆ ವಾರಕ್ಕೊಮ್ಮೆ ಕೆರೆ ಸುತ್ತಿಸುವುದನ್ನು ಬಿಡಲಿಲ್ಲ.

ಬಿಟ್ಟದ್ದು ಈಚೆಗೆ, ಮಂಡಿ ಸವೆದ ಮೇಲೆ. ಆ ಗಾಡಿಯ ಕಿಕ್ಕರಿಗೆ ಒಂದು ದುರ್ಗುಣವಿದೆ. ಒದ್ದವನನ್ನೇ ತಿರುಗಿ ಒದೆಯುತ್ತದೆ. ಊರಿನಲ್ಲಿ ಅದರಿಂದ ಮೊಣಕಾಲು ಊದಿಸಿಕೊಳ್ಳದ ಗಂಡಸು ಅಪರೂಪ. ಸುಧಾ ಲಂಗ ಹಾಕುತ್ತಿದ್ದ ಕಾಲದಿಂದ "ನಾನೂ ಒಂದ್ ಕಿತ ಒದೀತೀನಿ ಕಣಪ್ಪ" ಎಂದು ಕೇಳಿದ್ದಾಳೆ. ಈಗ ಹೊಳವನಹಳ್ಳಿಯಲ್ಲಿ ಆಟದ ಮೇಡಮ್ಮಾಗಿ, ಒಂದು ಸೀಟಿ ಊದಿ ಇಡೀ ಶಾಲೆಯನ್ನು ನೆಟ್ಟಗೆ ನಿಲ್ಲಿಸುವ ನಲವತ್ತರ ಹೆಂಗಸಾದರೂ ಅವಳಿಗೆ ಸಿಕ್ಕ ಉತ್ತರ ಒಂದೇ: "ಕಾಲ್ ಮುರ್ಕಂಡೀಯ, ಸುಮ್ಕಿರು." ಕಳೆದ ವರ್ಷ ಚಿಕ್ಕಪ್ಪ ಕೊಟ್ಟಿಗೆಯಲ್ಲಿ ನಿಂತು ನನಗೆ ಹೇಳಿದ: "ಓಡ್ತಿದ್ರೆ ಗಾಡಿ ಕಣ್ಲಾ ನಾಗ, ನಿಂತ್ರೆ ಗುಜರಿ. ನಾನು ಇದ್ನ ಗುಜರಿಯಿಂದ ಎತ್ಕಂಡ್ ಬಂದೋನು, ವಾಪಸ್ ಗುಜರಿ ಮಾಡಿ ಸಾಯಕಿಲ್ಲ. ಓಡ್ಸೋರ್ ಸಿಕ್ಕುದ್ರೆ ಕೊಟ್ಬುಡ್ತೀನಿ."

ಈ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಂಡೆ. ಮಧುಗಿರಿಯ ನೋಂದಣಿ ಕಚೇರಿಯಲ್ಲಿ ಆಯುಷ್ಯ ಸವೆಸಿದವನು ನಾನು. ಈ ಭೂಮಂಡಲದ ಪ್ರತಿಯೊಂದು ವಸ್ತುವಿಗೂ ಒಂದು ಮಾರ್ಗಸೂಚಿ ಬೆಲೆ ಉಂಟೆಂಬುದು ನಿವೃತ್ತಿಯಾದರೂ ಕಳಚದ ನನ್ನ ಮತಧರ್ಮ. ನೆಂಟರ ಹುಡುಗರು ಗಾಡಿಯ ಚಿತ್ರವನ್ನು ಫೋನಿನಲ್ಲಿ ತೇಲಿಬಿಟ್ಟರು. ವಾರ ಕಳೆಯುವುದರೊಳಗೆ ಬೆಂಗಳೂರಿನ ಸಂಗ್ರಾಹಕರೊಬ್ಬರ ಕರೆ ಬಂತು. ಮೃದುಭಾಷಿ. ಹಳೆಯ ಪಂದ್ಯದ ಗಾಡಿಗಳನ್ನು ಕೂಡಿಡುವುದಕ್ಕೆ ಮನೆಯನ್ನೇ ಕಟ್ಟಿಸಿದ್ದಾರಂತೆ. ಗಾಡಿ ತನ್ನ ಮೂಲ ರೂಪದಲ್ಲಿದ್ದರೆ ಅವರು ಕೊಡಲು ಸಿದ್ಧವಿದ್ದ ಮೊತ್ತದಲ್ಲಿ ಶಿರಾದ ಹೆದ್ದಾರಿ ಪಕ್ಕದಲ್ಲೊಂದು ಸೈಟು ಬರುತ್ತಿತ್ತು. ಅದನ್ನು ಕೇಳಿ ನಾನು ಕುರ್ಚಿಯಿಂದ ಎದ್ದು ನಿಂತು ಮಾತು ಮುಂದುವರಿಸಿದೆ.

ಅವರು ಬರುವ ದಿನ ನಮ್ಮವರು ಮಾಡಿದ್ದು ನಮ್ಮವರು ಮಾತ್ರ ಮಾಡಬಲ್ಲ ತಪ್ಪು. ಮನೆಗೆ ಹೆಣ್ಣು ನೋಡಲು ಬಂದಾಗ ಹುಡುಗಿಯ ಗುಣಗಳನ್ನು ಬಾಯಿ ತುಂಬ ಹೇಳುವುದು ನಮ್ಮ ಸಂಪ್ರದಾಯವಷ್ಟೆ? ಚಿಕ್ಕಮ್ಮ ಗಾಡಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಅರಿಸಿನ ಕುಂಕುಮವಿಟ್ಟು, ಕನಕಾಂಬರದ ದಂಡೆ ಮುಡಿಸಿದಳು. ಸುಧಾ ರಜೆ ಹಾಕಿ ಬಂದಿದ್ದಳು. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲಿ ನಿಂತ. ಸಂಗ್ರಾಹಕರು ಟ್ಯಾಂಕಿನ ಮೇಲೆ ಕೈಯಿಟ್ಟದ್ದೇ ತಡ, "ಅದಾ ಸ್ವಾಮಿ? ಅದು ಪಾರಿನ್ನಿಂದಲ್ಲ! ನಮ್ ಶಿರಾದಲ್ಲೇ ಬಡಿಸಿದ್ದು. ತೊಟ್ಟು ಸೋರಿದ್ರೆ ಕೇಳಿ!" ಎಂದ. ಅವರ ಮುಖದಲ್ಲಿ ಸೈಟಿನ ಒಂದು ಮೂಲೆ ಕರಗಿತು. "ಹಲ್ಲುಚಕ್ರ ನೋಡಿ, ಮಧುಗಿರಿದು!" ಇನ್ನೊಂದು ಮೂಲೆ. ಸೀಟಿನ ವಂಶಾವಳಿ ಮುಗಿದು ಪಾವಗಡದ ಬೆಸುಗೆಗೆ ಬರುವ ವೇಳೆಗೆ ಸೈಟು ಪೂರ್ತಿ ಕರಗಿ ಹೆದ್ದಾರಿ ಮಾತ್ರ ಉಳಿದಿತ್ತು.

"ಸರ್, ಇದನ್ನೆಲ್ಲ ತೆಗೆದು ಒರಿಜಿನಲ್ ಪಾರ್ಟ್ಸ್ ಹಾಕಿಸ್ಬೇಕಾಗತ್ತೆ," ಎಂದರು ಅವರು, ನೋಯಿಸಬಾರದೆಂಬ ಎಚ್ಚರದಿಂದ. "ಆ ರೆಸ್ಟೊರೇಷನ್ ಖರ್ಚು ಗಾಡಿ ಬೆಲೆಗಿಂತ ಜಾಸ್ತಿ ಆಗ್ಬೋದು. ಅದನ್ನ ಕಳೆದು ಒಂದು ರೇಟ್ ಹೇಳ್ತೀನಿ."

ಓದುಗ ಮಿತ್ರರೇ, ಇಲ್ಲಿ ಒಂದು ಗಳಿಗೆ ನಿಲ್ಲೋಣ. ಅವರು ಹೇಳಿದ್ದು ಅವರ ಶಾಸ್ತ್ರದಲ್ಲಿ ಸರಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಮನೆಯ ಹಿತ್ತಲಿನಿಂದ ಕಾಣುವ ಮಧುಗಿರಿ ಬೆಟ್ಟದ ಕೋಟೆಯನ್ನೇ ನೋಡಿ. ಆಳಿದವರೆಲ್ಲ ಒಂದೊಂದು ಗೋಡೆ, ಒಂದೊಂದು ಬಾಗಿಲು ಸೇರಿಸಿದ್ದಾರೆ. ಮೂಲ ರೂಪಕ್ಕೆ ತರುತ್ತೇನೆಂದು ಒಂದೊಂದನ್ನೇ ಕಿತ್ತುಹಾಕುತ್ತ ಹೋದರೆ ಕೊನೆಗೆ ಬರಿಯ ಬಂಡೆ ಉಳಿಯುತ್ತದೆ. ನಮ್ಮಲ್ಲಿ ಗುಡಿಗೆ ಹೊಸ ಗಾರೆ ಹಚ್ಚಿದರೆ ಜೀರ್ಣೋದ್ಧಾರವೆಂದು ಪುಣ್ಯ ಬರುತ್ತದೆಯೇ ಹೊರತು ದೇವರ ಬೆಲೆ ಇಳಿದ ಉದಾಹರಣೆಯಿಲ್ಲ. ನನ್ನ ಬಾಯಿಯಲ್ಲೇ ಆರು ಹಲ್ಲುಗಳು ತುಮಕೂರಿನವು. ಹಾಗೆಂದು ನನ್ನ ಹೆಂಡತಿ ನನ್ನನ್ನು ಖರ್ಚು ಕಳೆದ ದರಕ್ಕೆ ಹಿಡಿದಿಲ್ಲ. ಬಹುಶಃ.

ಚಿಕ್ಕಪ್ಪನಿಗೆ ದರದ ಚಿಂತೆ ಇರಲಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ. "ಆಯ್ತು ಸ್ವಾಮಿ. ರಿಪೇರಿ ಮಾಡ್ಸಿ ಎಲ್ಲಿ ಓಡಿಸ್ತೀರಿ?"

"ಓಡ್ಸೋದಾ? ಇಲ್ಲ ಸರ್. ಗಾಜಿನ ರೂಮಲ್ಲಿ ಇಡ್ತೀನಿ. ಸ್ಟಾರ್ಟೂ ಮಾಡಲ್ಲ. ಓಡಿಸಿದ್ರೆ ವ್ಯಾಲ್ಯೂ ಹೋಗತ್ತೆ."

ಚಿಕ್ಕಪ್ಪ ಗಾಡಿಯ ಕಡೆ ನೋಡಿದ, ತನ್ನ ಮಂಡಿಯ ಕಡೆ ನೋಡಿದ. ಓಡಿಸುವ ಶಕ್ತಿ ತನಗಿಲ್ಲ, ಓಡಿಸುವ ಮನಸ್ಸು ಕೊಳ್ಳುವವರಿಗಿಲ್ಲ. ಎತ್ತ ಹೋದರೂ ಗಾಡಿಗೆ ನಿಲ್ಲುವುದೊಂದೇ ಗತಿಯೆಂಬುದು ಅವನ ಮುಖದಲ್ಲಿ ಇಳಿಯುವುದನ್ನು ನಾನು ಕಂಡೆ. ನಾನು ಕಂಡದ್ದನ್ನು ಸುಧಾ ನನಗಿಂತ ಮೊದಲೇ ಕಂಡಿರಬೇಕು. ಅವಳು ಗಾಡಿಯ ಕೊರಳಿನ ಕನಕಾಂಬರ ತೆಗೆದು ತನ್ನ ಮುಡಿಗೇರಿಸಿಕೊಂಡಳು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದಳು. ಎಣ್ಣೆ ಬೆರೆಸಿದ ಪೆಟ್ರೋಲಿನ ಕ್ಯಾನನ್ನು ಎಲ್ಲಿಂದಲೋ ತಂದು ಟ್ಯಾಂಕಿಗೆ ಬಗ್ಗಿಸಿದಳು. ಬೆಳಗ್ಗೆಯೇ ಬೆರೆಸಿಟ್ಟಿದ್ದಳೆಂದು ಆಮೇಲೆ ತಿಳಿಯಿತು.

"ಮೇಡಂ, ಬೇಡ ಮೇಡಂ!" ಎಂದರು ಸಂಗ್ರಾಹಕರು.

"ಲೇ ಸುಧಾ, ಕಾಲು..." ಎಂದ ಚಿಕ್ಕಪ್ಪ.

"ನಂದೇ ಕಾಲು ಕಣಪ್ಪ, ಸುಮ್ಕಿರು," ಎಂದು ಅವಳು ಒದ್ದಳು. ಗಾಡಿ ತಿರುಗಿ ಒದೆಯಿತು. ಅವಳು ಹಲ್ಲು ಕಚ್ಚಿ ಮತ್ತೆ ಒದ್ದಳು. ಬಸ್ಸಿನ ಸೀಟಿನ ಮೇಲೆ ಅಷ್ಟು ಹಟದಿಂದ ನಿಂತವರನ್ನು ಕೊರಟಗೆರೆಯ ಯಾವ ಕಂಡಕ್ಟರೂ ಕಂಡಿರಲಾರ. ಮೂರನೆಯದಕ್ಕೆ ಕೊಟ್ಟಿಗೆಯ ಹಂಚು ನಡುಗಿತು, ಹಸು ಹಗ್ಗ ಜಗ್ಗಿತು, ಸುಟ್ಟ ಎಣ್ಣೆಯ ನೀಲಿ ಹೊಗೆ ಎದ್ದಿತು. ಚಿಕ್ಕಪ್ಪ ಅದನ್ನು ಮಂಗಳಾರತಿ ತೆಗೆದುಕೊಳ್ಳುವಂತೆ ಎರಡೂ ಕೈಗಳಿಂದ ಮುಖಕ್ಕೆ ಎಳೆದುಕೊಂಡ. ನೋಡನೋಡುತ್ತಿದ್ದಂತೆ ಸುಧಾ ಹಿತ್ತಿಲು ದಾಟಿ, ಕೆರೆಯಂಗಳಕ್ಕಿಳಿದು, ಮೊದಲ ದಿಣ್ಣೆಯ ಮೇಲೆ ಎರಡು ಚಕ್ರವನ್ನೂ ಗಾಳಿಗೆ ಕೊಟ್ಟಳು. ಒಂದೇ ಒಂದು ಕ್ಷಣ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ನೆಲ ಬಿಟ್ಟಿದ್ದವು. ಅವು ಹಾಗೆ ಒಟ್ಟಿಗೆ ಮೇಲೆದ್ದದ್ದನ್ನು ಯಾವ ಸರ್ಕಾರದ ಕಾಲದಲ್ಲೂ ನಾನು ಕಂಡಿಲ್ಲ.

"ಟ್ಯಾಂಕು! ಟ್ಯಾಂಕು!" ಎಂದು ಕೂಗುತ್ತ ಹಿಂದೆ ಓಡಿದ ಸಂಗ್ರಾಹಕರು ದಿಣ್ಣೆಯ ಬಳಿ ನಿಂತುಬಿಟ್ಟರು. ಹಿಂದಿರುಗಿದಾಗ ಮೈಯೆಲ್ಲ ಧೂಳು, ಮುಖದಲ್ಲಿ ನಗು. "ಇದು ಓಡೋದನ್ನ ನಾನು ನೋಡೇ ಇರ್ಲಿಲ್ಲ ಸರ್," ಎಂದರು. ಚಿಕ್ಕಪ್ಪ, "ಗಾಡಿ ಮಾರಕಿಲ್ಲ ಸ್ವಾಮಿ, ತಪ್ಪು ತಿಳ್ಕಬ್ಯಾಡಿ. ಓಡ್ಸೋರ್ ಸಿಕ್ಬುಟ್ರು," ಎಂದ.

ಮುಖ ತೊಳೆಯಲು ಬಚ್ಚಲಿಗೆ ಹೋದ ಅತಿಥಿ ಎಷ್ಟು ಹೊತ್ತಾದರೂ ಬರಲಿಲ್ಲ. ಇಣುಕಿದರೆ, ಹಂಡೆಯ ಮುಚ್ಚಳವನ್ನು ಎದೆಗವಚಿಕೊಂಡು ಕರವಸ್ತ್ರದಿಂದ ಉಜ್ಜುತ್ತಿದ್ದರು. ಮಸಿಯ ಅಡಿಯಿಂದ ಹಳದಿ ಬಣ್ಣ, ಹಳದಿಯ ಮೇಲೆ ಕಪ್ಪು ಒಂಬತ್ತು ಮೇಲೆದ್ದು ಬರುತ್ತಿತ್ತು. ಚಳಿ ದೇಶದಿಂದ ಗಾಡಿಯೊಡನೆಯೇ ಬಂದು ಅದರ ಮೂತಿಯ ಮೇಲಿದ್ದ ಪಂದ್ಯದ ನಂಬರು ತಗಡು ಅದು. ಚಿಕ್ಕಪ್ಪ ಪಂದ್ಯ ಬಿಟ್ಟಾಗ ಚಿಕ್ಕಮ್ಮ ಬಿಚ್ಚಿ ಸದುಪಯೋಗ ಮಾಡಿದ್ದಳು. "ಅಮ್ಮಾ, ಇದೊಂದೇ ಒರಿಜಿನಲ್! ಬಣ್ಣ ಸಮೇತ! ಇಡೀ ಗಾಡಿಗೆ ಹೇಳಿದ್ದನ್ನ ಇದಕ್ಕೇ ಕೊಡ್ತೀನಿ," ಎಂದರು.

ಚಿಕ್ಕಮ್ಮ ಮುಚ್ಚಳವನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. "ಅದ್ನ ಕೊಟ್ಟು ಹಂಡೆಗೇನ್ ಮುಚ್ಲಿ ಸ್ವಾಮಿ? ಬನ್ನಿ, ಮುದ್ದೆ ಆರೋಯ್ತದೆ."

ಸಂಗ್ರಾಹಕರು ಎರಡು ಮುದ್ದೆ ಉಂಡು ಹೋದರು. ಈಗಲೂ ಫೋನ್ ಮಾಡುತ್ತಾರೆ, ಗಾಡಿಗಲ್ಲ, ಮುಚ್ಚಳಕ್ಕೆ. ನನ್ನ ಮತಧರ್ಮದ ಮಾತು ಹೇಳುವುದಾದರೆ, ಒಂದು ವಸ್ತುವಿನ ಬೆಲೆ ಅದು ಎಷ್ಟು ಮಂದಿಯ ಕೈಯಲ್ಲಿ ಕೆಡದೆ ಉಳಿಯಿತು ಎಂಬುದರಲ್ಲಿದೆ ಎಂದು ಅವರು. ಎಷ್ಟು ಮಂದಿಯ ಕೈ ಸೇರಿ ಅದನ್ನು ಕೆಡದಂತೆ ಉಳಿಸಿತು ಎಂಬುದರಲ್ಲಿದೆ ಎಂದು ನಾವು. ಇಬ್ಬರಿಗೂ ಒಪ್ಪುವ ಮಾರ್ಗಸೂಚಿ ಬೆಲೆ ಇನ್ನೂ ಪ್ರಕಟವಾಗಿಲ್ಲ.

ಮೊನ್ನೆ ಭಾನುವಾರ ತಾವರೆಕೆರೆಗೆ ಹೋಗಿದ್ದೆ. ಸ್ನಾನಕ್ಕೆಂದು ಬಚ್ಚಲಿಗೆ ಹೋದರೆ ಹಂಡೆ ಬಾಯಿ ತೆರೆದುಕೊಂಡಿತ್ತು. ನೀರು ಆರಿಹೋಗಿ ತಣ್ಣಗಾಗಿತ್ತು. ತಣ್ಣೀರು ನನ್ನ ದೇಹಪ್ರಕೃತಿಗೆ ಆಗದು. ಚಿಕ್ಕಮ್ಮನನ್ನು ಕೂಗಬೇಕೆಂದು ಬಾಯಿ ತೆರೆದವನು, ಗೋಡೆಯಾಚೆ ಕೆರೆಯಂಗಳದಿಂದ ಬರುತ್ತಿದ್ದ ಸದ್ದು ಕೇಳಿ ಸುಮ್ಮನಾದೆ. ಮುಚ್ಚಳ ಗಾಡಿಯ ಮೂತಿಯೇರಿ ಅಲ್ಲಿ ಓಡುತ್ತಿತ್ತು. ನಾನು ಚೊಂಬು ತುಂಬಿ, ಮನೆತನದ ಮರ್ಯಾದೆಗೆ ತಕ್ಕಂತೆ ನೆಟ್ಟಗೆ ನಿಂತು, ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಂಡೆ.