ಹೋಗಿ ಬರುವವರ ವೀಸಾ

ನನ್ನ ಅಕ್ಕನ ಗಂಡ ಹುಟ್ಟಿದ್ದು ಸಿಂದಗಿಯಲ್ಲಿ. ನಮ್ಮ ಸೋದರತ್ತೆಯ ಮಗ. ದೇಶ ಎರಡಾದ ಮೇಲೆ ಅವರಪ್ಪ ಹೆಂಡತಿ ಮಗನನ್ನು ಕಟ್ಟಿಕೊಂಡು ಮುಂಬಯಿಗೆ ಹೋದರು, ಅಲ್ಲಿಂದ ಕರಾಚಿಗೆ. ಅರವತ್ತರ ದಶಕದ ಮೊದಲಲ್ಲಿ ಭಾವ ಮುದ್ದೇಬಿಹಾಳಕ್ಕೆ ಬಂದು ಅಕ್ಕನನ್ನು ನಿಕಾ ಮಾಡಿಕೊಂಡಾಗ ಅವನ ಕಿಸೆಯಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಇತ್ತು. ಊರಿಗೆ ಕಾಲಿಟ್ಟ ಕೂಡಲೇ ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು. ತಂಗಡಗಿಗೆ ಹೋಗಿ ಹೊಳೆ ನೋಡಿ ಬರೋಣ ಎಂದು ನಾನು ಕುಣಿದೆ. ವೀಸಾದಲ್ಲಿ ಆ ಊರು ಬರೆದಿಲ್ಲ ಎಂದ ಭಾವ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಪ್ರಾಣ ಬಿಡುವ ಮನುಷ್ಯ ಪರದೇಶಿ ಹೇಗಾದ ಎಂದು ನಾನು ಅಪ್ಪನ ಜೊತೆ ಜಗಳಕ್ಕೆ ನಿಂತೆ. ನನಗೆ ಆಗಲೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಪ್ಪ ಹತ್ತಿ ಹಿಂಜುವುದನ್ನು ನಿಲ್ಲಿಸದೆ, "ಸುಮ್ನ ಕೂಡವಾ, ಇದು ನಮ್ಮ ಕೈಯಾಗಿಂದಲ್ಲ" ಎಂದ.

ಭಾವ ತನ್ನ ವೀಸಾ ಮುಗಿಯುವ ಮೊದಲೇ ಹೊರಟುಹೋದ. ಅಕ್ಕನನ್ನು ಆದಷ್ಟು ಬೇಗ ಕಳಿಸಿರಿ ಎಂದು ಅಪ್ಪನ ಕೈ ಹಿಡಿದು ಹೇಳಿ ಹೋಗಿದ್ದ. ಹೇಗೆ ಕಳಿಸುವುದು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂಡಿ ಊರಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದ ದೊಡ್ಡಪ್ಪ ಮುಂಬಯಿಗೆ ಹೋಗಿ ಬಂದು ಮಾಡುವವನು, ಅವನೇ ವಿಚಾರಿಸಿಕೊಂಡು ಬಂದ. ಎರಡು ತರಹದ ವೀಸಾ ಇವೆಯಂತೆ. ಒಂದು, ಬಂಧುಗಳನ್ನು ಕಂಡು ಬರುವವರದ್ದು: ಮೂರು ತಿಂಗಳು ಇದ್ದು ತಿರುಗಿ ಬರಬೇಕು. ಇನ್ನೊಂದು, ಗಂಡನ ಮನೆಯಲ್ಲಿ ಕಾಯಂ ನಿಲ್ಲುವವರದ್ದು: ಅದರ ಮೇಲೆ ಹೋದವಳು ನಾಳೆ ಆ ದೇಶದವಳಾಗುತ್ತಾಳೆ. ಆಮೇಲೆ ತವರಿಗೆ ಬರಬೇಕೆಂದರೆ ನಮ್ಮ ಸರಕಾರವನ್ನೇ ವೀಸಾ ಕೇಳಬೇಕು, ಅವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವ್ವ ಇದನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಒಳಗೆ ಹೋದಳು. ಆ ದಿನ ಊಟ ಮಾಡಲಿಲ್ಲ. ಅಪ್ಪ ಮತ್ತು ದೊಡ್ಡಪ್ಪ ಮಾತಾಡಿ ಎರಡನೆಯದೇ ಸರಿ ಎಂದು ಗಟ್ಟಿ ಮಾಡಿದರು. ಅಕ್ಕನಿಗೂ ಅದೇ ಬೇಕಿತ್ತು. ಅವಳು ಹೆಚ್ಚು ಮಾತಿನವಳಲ್ಲ, ಆದರೆ ರೊಟ್ಟಿ ಬಡಿಯುತ್ತ ನನಗೊಬ್ಬಳಿಗೇ ಅಂದಳು: "ನಾ ಅವರ ಕೂಡ ಇರಾಕ ಮದುವಿ ಆಗೇನಿ, ನೋಡಿ ಬರಾಕಲ್ಲ."

ಪಾಸ್‌ಪೋರ್ಟಿನ ವಿಚಾರಣೆಗೆಂದು ಪೊಲೀಸ್ ಠಾಣೆಯ ಫೌಜದಾರ ಮನೆಗೇ ಬಂದ. ಬಾಗೇವಾಡಿ ಕಡೆಯವನು, ದಪ್ಪ ಮೀಸೆಯ ಸಮಾಧಾನದ ಮನುಷ್ಯ. ಪಡಸಾಲೆಯಲ್ಲಿ ನಮ್ಮದೇ ಹೊಸ ಗಾದಿಯ ಮೇಲೆ ಕೂತು ಚಹಾ ಕುಡಿದ. ಅಪ್ಪನ ಹುಟ್ಟೂರು ಯಾವುದು, ಕಸಬು ಏನು ಎಲ್ಲ ಕೇಳಿ ಬರೆದುಕೊಂಡ. ಓಣಿಯ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು.

"ಈಗ ಒಂದ ಮಾತು ಸ್ಪಷ್ಟ ಹೇಳ್ರಿ" ಅಂದ ಫೌಜದಾರ. "ಹುಡುಗಿ ಅಲ್ಲೇ ಕಾಯಂ ಇರಾಕ ಹೊಂಟಾಳೋ, ತಿರುಗಿ ಬರ್ತಾಳೋ? ನಾ ಇಲ್ಲಿ ಏನ್ ಬರೀತೇನಿ, ವೀಸಾದ ಅರ್ಜಿದಾಗೂ ಅದನ್ನೇ ಬರೀಬೇಕು. ಎರಡೂ ಹೊಂದಬೇಕ್ರಿ."

ನಮ್ಮ ಕಡೆ ಮನೆಯಿಂದ ಹೊರಡುವವರು ಹೋಗ್ತೇನಿ ಅನ್ನುವುದಿಲ್ಲ. ಬಾವಿಗೆ ನೀರಿಗೆ ಹೊರಟವಳೂ ಹೋಗಿ ಬರ್ತೇನಿ ಅಂತಲೇ ಹೊಸ್ತಿಲು ದಾಟಬೇಕು. ಬರೂದಿಲ್ಲ ಎಂಬ ಮಾತನ್ನು ಹೆಣ ಎತ್ತಿದ ಮೇಲೆ ಮಾತ್ರ ಆಡುತ್ತಾರೆ. ಅದನ್ನು ಜೀವಂತ ಮಗಳ ಬಗ್ಗೆ, ಅವಳು ಒಳಗೆ ಒಲೆಯ ಮುಂದೆ ಕೂತಿರುವಾಗ, ಸರಕಾರದ ಮನುಷ್ಯನ ಎದುರು ಆಡಬೇಕಿತ್ತು. ಅಪ್ಪ ಗಂಟಲು ಸರಿ ಮಾಡಿಕೊಂಡ. "ಆಕಿ..." ಅಂದು ನಿಂತ. ದೊಡ್ಡಪ್ಪ ತಲೆ ತಗ್ಗಿಸಿ ತನ್ನ ಕಾಲು ನೋಡಿಕೊಳ್ಳುತ್ತಿದ್ದ.

"ಹೋಗಿ ಬರ್ತಾಳ್ರಿ ಸಾಹೇಬ್ರ" ಎಂದು ಬಾಗಿಲ ಹಿಂದಿನಿಂದ ಅವ್ವ ಹೇಳಿದಳು.

ಫೌಜದಾರ ಅಪ್ಪನ ಮುಖ ನೋಡಿದ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಫೌಜದಾರನೂ ಇದೇ ನೆಲದವನು, ಆ ಪ್ರಶ್ನೆಯನ್ನು ಎರಡನೆಯ ಸಲ ಕೇಳಲು ಅವನಿಗೂ ಮನಸ್ಸಾಗಲಿಲ್ಲ. ಹೋಗಿ ಬರುವವಳು ಎಂದೇ ಬರೆದುಕೊಂಡ. ನಾನು ತಡೆಯಲಾರದೆ, "ಸುಳ್ಳ್ರಿ! ಅಕ್ಕ ಅಲ್ಲೇ ಇರಾಕ ಹೊಂಟಾಳ, ತಿರುಗಿ ಬರೂದಿಲ್ಲ!" ಎಂದು ಕೂಗಿದೆ. ಅವ್ವ ನನ್ನನ್ನು ಒಳಗೆಳೆದು ಬಾಯ ಮೇಲೆ ಹೊಡೆದಳು. ತುಟಿ ಒಡೆದು ರಕ್ತ ಬಂತು. ಸಣ್ಣವರ ಮಾತು ಎಂದು ಫೌಜದಾರ ನಕ್ಕು, ಪೆನ್ನು ಮುಚ್ಚಿ ಕಿಸೆಗೆ ಸಿಕ್ಕಿಸಿಕೊಂಡು ಎದ್ದುಹೋದ.

ಅಕ್ಕ ಒಲೆಯ ಮುಂದೆಯೇ ಕೂತಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಏಳುತ್ತಿತ್ತು, ಅದನ್ನು ತೆಗೆಯುವ ಎಚ್ಚರವೂ ಅವಳಿಗಿರಲಿಲ್ಲ. ಅಪ್ಪ ಸಂಜೆ ಬಂದು, ಒಮ್ಮೆ ಅಲ್ಲಿ ಮುಟ್ಟಿದರೆ ಸಾಕು, ಭಾವನೇ ಅಲ್ಲಿ ಓಡಾಡಿ ವೀಸಾ ಬದಲಿ ಮಾಡಿಸುತ್ತಾನೆ ಎಂದು ಸಮಾಧಾನ ಹೇಳಿದ. ಆ ಸಮಾಧಾನ ಯಾರಿಗೆ ಹೇಳಿಕೊಳ್ಳುತ್ತಿದ್ದನೋ ದೇವರಿಗೇ ಗೊತ್ತು. ಕೈಲಾಗದವರ ಮೌನವನ್ನು ನಾನು ಕ್ಷಮಿಸಬಲ್ಲೆ. ಅಪ್ಪನಿಗೆ ಬಾಯಿತ್ತು, ಆಡಲಿಲ್ಲ. ಅದನ್ನು ನಾನು ಇವತ್ತಿಗೂ ಸಹಿಸಲಾರೆ.

ಅಪ್ಪ ಅವಳನ್ನು ಮುಂಬಯಿಯವರೆಗೆ ಕರೆದೊಯ್ದು ಹಡಗು ಹತ್ತಿಸಿ ಬಂದ. ಕರಾಚಿಯಲ್ಲಿ ಭಾವ ಕಚೇರಿ ಕಚೇರಿ ಅಲೆದನಂತೆ. ಕಂಡು ಹೋಗಲು ಬಂದವಳನ್ನು ಹೀಗೆ ಇಟ್ಟುಕೊಳ್ಳಲು ಬರುವುದಿಲ್ಲ, ತನ್ನ ದೇಶಕ್ಕೆ ತಿರುಗಿ ಹೋಗಿ ಅಲ್ಲಿಂದ ಬೇರೆ ಅರ್ಜಿ ಹಾಕಲಿ ಎಂದರು. ಮೂರು ತಿಂಗಳಿಗೆ ಅಕ್ಕ ಮುದ್ದೇಬಿಹಾಳದ ಬಸ್ಸಿನಿಂದ ಇಳಿದಳು. ಬಸುರಿಯಾಗಿದ್ದಳು.

ಅವ್ವನ ಸಂತೋಷ ಹೇಳತೀರದು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಾದ್ದೇ, ಅಲ್ಲಾ ತನ್ನ ಮೊರೆ ಕೇಳಿದ ಎಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ನನಗೆ ಆ ಸಂತೋಷ ನೋಡಿ ಭಯವಾಗತೊಡಗಿತು. ಅಕ್ಕ ಬಂದ ವಾರವೇ ದಿಲ್ಲಿಯಲ್ಲಿದ್ದ ಆ ದೇಶದ ಕಚೇರಿಗೆ ಕಾಯಂ ನಿಲ್ಲುವ ವೀಸಾಕ್ಕೆ ಅರ್ಜಿ ಹಾಕಿಸಿದಳು. ಹಿಂದಿನ ಸಲ ತಿರುಗಿ ಬರುತ್ತೇನೆ ಅಂದವಳು ಈಗ ಬರುವುದಿಲ್ಲ ಅನ್ನುತ್ತಿದ್ದಾಳಲ್ಲ, ಯಾಕೆ ಎಂದು ಕೇಳಿ ಕಾಗದ ವಾಪಸು ಬಂತು. ಉತ್ತರ ಬರೆಸಿ ಕಳಿಸಿ ಕಾದಳು. ಹೆಣ್ಣು ಮಗು ಹುಟ್ಟಿತು, ತೆವಳಿತು, ನಿಂತಿತು. ಅಷ್ಟರಲ್ಲಿ ಅರವತ್ತೈದರ ಯುದ್ಧ ಶುರುವಾಯಿತು.

ಹಡಗು ನಿಂತಿತು. ಟಪಾಲು ನಿಂತಿತು. ಊರಿನ ಹೋಟೆಲ್ಲಿನಲ್ಲಿ ಜನ ರೇಡಿಯೋ ಸುತ್ತ ಕೂತಿರುತ್ತಿದ್ದರು, ಅಪ್ಪ ಒಳಗೆ ಹೋದರೆ ಜಾಗ ಬಿಟ್ಟು ಕೊಡುತ್ತಿದ್ದರು, ಚಹಾ ಹೇಳುತ್ತಿದ್ದರು, ಮಾತು ಮಾತ್ರ ನಿಲ್ಲಿಸುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅಪ್ಪ ಹೋಟೆಲ್ಲಿಗೆ ಹೋಗುವುದನ್ನೇ ಬಿಟ್ಟ. ಹೊಸ ಫೌಜದಾರ ಒಬ್ಬ ಬಂದು, ಅಲ್ಲಿಂದ ಪತ್ರ ಬರುತ್ತವೆಯೇ ಎಂದು ಅಕ್ಕನನ್ನು ನಿಲ್ಲಿಸಿಕೊಂಡು ಕೇಳಿದ. ಮಗು ಅವಳ ಸೀರೆಯ ಹಿಂದೆ ಅಡಗಿಕೊಂಡಿತು. ಅವನು ಹೋದ ಮೇಲೂ ಬಹಳ ಹೊತ್ತು ಹೊರಗೆ ಬರಲಿಲ್ಲ.

ಯುದ್ಧ ಮುಗಿದು ಟಪಾಲು ಮತ್ತೆ ಬರತೊಡಗಿದಾಗ ಭಾವನ ಪತ್ರಗಳು ಬರುಬರುತ್ತ ಸಣ್ಣದಾದವು. ತನ್ನ ಅಮ್ಮನಿಗೆ ಆರಾಮಿಲ್ಲ, ಮನೆ ನೋಡುವವರಿಲ್ಲ ಎಂದು ಒಂದರಲ್ಲಿತ್ತು. ಅಕ್ಕ ಅದನ್ನು ಓದಿ ಮಡಿಸಿಟ್ಟು, ದಿಲ್ಲಿಗೆ ಮತ್ತೊಂದು ಅರ್ಜಿ ಹಾಕಿಸಿದಳು. ಕೊನೆಯ ಪತ್ರದಲ್ಲಿ, ಅಮ್ಮ ಈಗ ಗುಣವಾಗಿದ್ದಾಳೆ, ಈ ವರ್ಷ ಹಜ್‌ಗೆ ಕರೆದೊಯ್ಯುತ್ತೇನೆ ಎಂದಿದ್ದ. ಅದೇ ವರ್ಷ ನಮ್ಮ ದೊಡ್ಡಪ್ಪನೂ ಹಜ್‌ಗೆ ಹೊರಟಿದ್ದ. ಎರಡು ದೇಶದವರು ವೀಸಾದ ಹಂಗಿಲ್ಲದೆ ಒಬ್ಬರ ಮುಖ ಒಬ್ಬರು ನೋಡಬಹುದಾದ ಜಾಗ ಅದೊಂದೇ. ಅಕ್ಕ ಮಗುವಿಗೆ ಹೊಸ ಲಂಗ ಹೊಲಿಸಿ, ಫೋಟೋ ತೆಗೆಸಿ ದೊಡ್ಡಪ್ಪನ ಕೈಗೆ ಕೊಟ್ಟಳು. "ಕೈಯಾಗ ಕೊಟ್ಟು, ನಮ್ಮನ್ನ ಯಾವಾಗ ಕರಿಸ್ಕೋತೀರಿ ಅಂತ ಕೇಳ್ರಿ ದೊಡ್ಡಪ್ಪಾ" ಅಂದಳು.

ದೊಡ್ಡಪ್ಪ ತಿರುಗಿ ಬಂದಾಗ ನಾವೆಲ್ಲ ಇಂಡಿಗೆ ಹೋದೆವು. ಮನೆ ತುಂಬ ಜನ, ಹಾಜಿಯ ಕೈಗೆ ಮುತ್ತಿಡುವವರು, ಖರ್ಜೂರ ತೆಗೆದುಕೊಳ್ಳುವವರು. ದೊಡ್ಡಪ್ಪ ಎಲ್ಲರ ಜೊತೆ ಮಾತಾಡುತ್ತಿದ್ದ, ಅಕ್ಕ ನಿಂತಿದ್ದ ಕಡೆ ಮಾತ್ರ ನೋಡುತ್ತಿರಲಿಲ್ಲ. ನನಗೆ ಅಷ್ಟರಲ್ಲೇ ತಿಳಿಯಿತು. ಜನ ಕರಗಿದ ಮೇಲೆ ಅಕ್ಕನೇ ಹೋಗಿ ಅವನ ಮುಂದೆ ಕೂತಳು.

"ಭೆಟ್ಟಿ ಆದ್ರೇನ್ರಿ?"

"ಆದ. ಫೋಟೋ ಕೊಟ್ಟೆ. ಎದಿಗೆ ಒತ್ತಿಕೊಂಡು ಅತ್ತ."

"ಮತ್ತ?"

ದೊಡ್ಡಪ್ಪ ಗಡ್ಡ ನೀವಿಕೊಂಡ. "ಹಜ್ ಮಾಡಿ ಬಂದ ಬಾಯಿಲೆ ಸುಳ್ಳ ಹೇಳಾಕ ಆಗೂದಿಲ್ಲವಾ. ಅವನ ಬಾಜೂಕ ಹೆಂಡ್ತಿ ಇದ್ಲು. ನಿಮ್ಮತ್ತಿ ಇನ್ನೊಂದ ಲಗ್ನ ಮಾಡ್ಯಾಳ."

ಅಕ್ಕ ಅಳಲಿಲ್ಲ. ಅವ್ವ ಗೋಡೆಗೆ ತಲೆ ಆನಿಸಿ ಕೂತುಬಿಟ್ಟಳು. ಊರಿಗೆ ಬರುವ ದಾರಿಯುದ್ದಕ್ಕೂ ನಾನು ಭಾವನನ್ನೂ ಅತ್ತೆಯನ್ನೂ ಬಾಯಿಗೆ ಬಂದಂತೆ ಬೈದೆ. ಬಸ್ಸಿನಲ್ಲಿ ಯಾರೂ ನನ್ನನ್ನು ಸುಮ್ಮನಿರು ಅನ್ನಲಿಲ್ಲ.

ಆ ಮಳೆಗಾಲ ಮುಗಿಯುವ ಮೊದಲು ದಿಲ್ಲಿಯಿಂದ ರಜಿಸ್ಟರ್ ಟಪಾಲಿನಲ್ಲಿ ಅಕ್ಕನ ಪಾಸ್‌ಪೋರ್ಟ್ ಬಂತು. ವೀಸಾದ ಮುದ್ರೆ ಬಿದ್ದಿತ್ತು, ತಾಯಿ ಮಗಳು ಇಬ್ಬರಿಗೂ. ಅಪ್ಪ ಅದನ್ನು ಓಣಿಯ ಮಾಸ್ತರರಿಂದ ಓದಿಸಿಕೊಂಡು ಬಂದು, ಹೊಸ್ತಿಲಲ್ಲೇ ನಿಂತು, "ಈ ಸಲ ಸರಿಯಾದದ್ದು ಬಂದೈತಿ ಮಗಳ, ಕಾಯಂ ಇರಾಕ" ಎಂದ.

ಅಕ್ಕ ಮಗಳಿಗೆ ಜಡೆ ಹಾಕುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು:

"ಯಾರ ಮನ್ಯಾಗ ಇರ್ಲೆಪಾ?"

ಆಡಲು ಹೋಗಬೇಕು, ಲಗೂನ ಹಾಕು ಎಂದು ಮಗು ಅವಸರ ಮಾಡುತ್ತಿತ್ತು.