ನಾನು ಹಿಡಿಯಲಾರದೆ ಹೋದ ಚೆಂಡು

ಚಿಂಚವಾಡದಲ್ಲಿ ಬೇಸ್‌ಬಾಲ್ ಆಡುತ್ತೇವೆ ಎಂದರೆ ಬೆಳಗಾವಿಯ ನಮ್ಮ ನೆಂಟರು ಈಗಲೂ ನಗುತ್ತಾರೆ. "ಕ್ರಿಕೆಟ್ ಬರಲಿಲ್ಲೇನೋ ನಿನಗ?" ಎಂದು ನನ್ನ ಅಣ್ಣ ಕೊನೆಯವರೆಗೂ ಕೇಳುತ್ತಿದ್ದ. ಕಾರ್ಖಾನೆಯ ಪಾಳಿ ಮುಗಿಸಿ ಬಂದು ನಾವು ಕೆಲವರು ಹಟ ಹಿಡಿದು ಕಟ್ಟಿದ ತಂಡ ಅದು. ಅದರಲ್ಲಿ ನಾನು ಕ್ಯಾಚರ್. ಬ್ಯಾಟು ಹಿಡಿದವನ ಹಿಂದೆ, ಮುಖಕ್ಕೆ ಕಂಬಿಯ ಮುಖವಾಡ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂತು, ಪಿಚರ್ ಎಸೆದ ಚೆಂಡನ್ನು ಹಿಡಿಯುವುದು ನನ್ನ ಕೆಲಸ. ಯಾರಿಗೂ ಬೇಡವಾದ ಜಾಗ. ಹಾಗಾಗಿ ವಯಸ್ಸು ಐವತ್ತು ದಾಟಿದರೂ ಅದು ನನ್ನದಾಗಿಯೇ ಉಳಿದಿತ್ತು.

ಆಟ ಬಿಟ್ಟು ಎಷ್ಟೋ ವರ್ಷವಾದ ಮೇಲೆ, ಕಳೆದ ತಿಂಗಳು ತಂಡದ ನಾಯಕ ಫೋನ್ ಮಾಡಿದ. ಧಾರವಾಡದ ಕಡೆಯ ಹುಡುಗ, ಬ್ಯಾಂಕಿನಲ್ಲಿದ್ದಾನೆ. ಈಗಿನ ಪಿಚರ್‌ಗೆ ಭುಜ ನೋವು, ಪಂದ್ಯಾವಳಿ ಹತ್ತಿರ ಬಂದಿದೆ. ಹಿಂದೆ ನಾವು ತಂಡದಿಂದ ಕೈಬಿಟ್ಟ ಪಿಚರ್‌ನನ್ನೇ ಮತ್ತೆ ಕರೆಯಬಹುದೇ ಎಂಬ ಮಾತು ನಡೆದಿತ್ತು.

"ಅಂವಾ ಒಂದಿನ ದೇವರು, ಮರುದಿನ ದೆವ್ವ ಅಂತ ಎಲ್ಲಾರೂ ಹೇಳ್ತಾರಿ ಕಾಕಾ. ನೀವು ಬಂದು ನೋಡ್ರಿ. ಅವನ ಚೆಂಡ ಭಾಳ ವರ್ಷ ಹಿಡದವರು ನೀವ."

ಭಾನುವಾರ ಬರುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.

ಆ ಹಳೆಯ ಪಿಚರ್‌ನ ಮನೆಯವರು ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಯೆರವಡಾದಲ್ಲಿ ನೆಲೆಸಿದವರು. ಉದ್ದ ಕೈಯ, ಮಾತು ಕಡಿಮೆಯ ಹುಡುಗ. ಅವನು ಎಸೆಯುತ್ತಿದ್ದ ಒಂದು ಚೆಂಡನ್ನು ಹೇಗೆ ಹೇಳಲಿ? ಸೊಂಟದ ಎತ್ತರಕ್ಕೆ ನೆಟ್ಟಗೆ ಬರುತ್ತಿತ್ತು. ಬ್ಯಾಟು ಹಿಡಿದವನು ಅದನ್ನು ನಂಬುತ್ತಿದ್ದ, ನಾನೂ ನಂಬುತ್ತಿದ್ದೆ. ಇನ್ನೇನು ಕೈಗೆ ಬಂತು ಎನ್ನುವಾಗ, ಕತ್ತಲಲ್ಲಿ ಇಲ್ಲದ ಮೆಟ್ಟಿಲ ಮೇಲಿಟ್ಟ ಕಾಲಿನಂತೆ, ತಟಕ್ಕನೆ ಕೆಳಗಿಳಿದುಬಿಡುತ್ತಿತ್ತು. ಮೊದಲ ಸಲ ಅದು ನನ್ನ ಕೈಗವಸಿಗೆ ಬಂದು ಬಿದ್ದ ದಿನ ನನ್ನ ಮೈಯೆಲ್ಲ ನವಿರೆದ್ದಿತ್ತು. ಇದು ಮನುಷ್ಯರ ಕೈಯ ಕೆಲಸವೇ ಎಂದು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದ್ದೆ.

ಆಮೇಲೆ ನನ್ನ ಮೊಣಕಾಲು ಹೋದವು, ಕಣ್ಣೂ ಮಂಜಾಯಿತು. ಅವನ ಆ ಚೆಂಡು ನನ್ನ ಕೈಗವಸಿನ ಕೆಳಗಿಂದ ನುಸುಳಿ ಹಿಂದಕ್ಕೆ ಹೋಗತೊಡಗಿತು. ಹಾಗೆ ಹೋದಾಗಲೆಲ್ಲ ಎದುರಾಳಿಗಳು ಓಡಿ ಮುಂದಿನ ಬೇಸ್ ಸೇರಿ ಅಂಕಕ್ಕೆ ಹತ್ತಿರವಾಗುತ್ತಾರೆ. ತಪ್ಪು ಎಸೆದವನದೋ ಹಿಡಿಯುವವನದೋ ಎಂದು ಬರೆದುಕೊಳ್ಳುವಾತ ನಮ್ಮಲ್ಲಿ ದೂರದ ಬೇವಿನ ಮರದ ನೆರಳಲ್ಲಿ ಕೂರುತ್ತಿದ್ದ. ಅಲ್ಲಿಂದ ಅವನಿಗೆ ಏನೂ ಕಾಣುತ್ತಿರಲಿಲ್ಲ. ಅದಕ್ಕೇ ನಮ್ಮ ತಂಡದಲ್ಲೊಂದು ರೂಢಿ ಇತ್ತು. ತಪ್ಪು ತನ್ನದಾದರೆ ಕ್ಯಾಚರ್ ಎದೆ ಮುಟ್ಟಿಕೊಳ್ಳಬೇಕು, ಪಿಚರ್‌ನದಾದರೆ ಅವನತ್ತ ಬೆರಳು ತೋರಿಸಬೇಕು. ಕ್ಯಾಚರ್‌ನ ಕೈಯನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ.

ನಾನು ಬೆರಳು ತೋರಿಸಿದೆ. ಮೊದಲ ಸಲ ನಾಚಿಕೆಯಿಂದ, ಆಮೇಲೆ ಅಭ್ಯಾಸದಿಂದ. ಪಿಚರ್ ಬಗ್ಗೆ ಕೊನೆಯ ಮಾತು ಕ್ಯಾಚರ್‌ನದು ಎಂಬುದೂ ನಮ್ಮ ರೂಢಿಯೇ. ಆ ವರ್ಷದ ಕೊನೆಗೆ ಎಲ್ಲರೂ ನನ್ನನ್ನು ಕೇಳಿದರು. "ಅವನ ಕೈ ಮ್ಯಾಲೆ ಭರವಸೆ ಇಡಾಕ ಆಗೂದಿಲ್ಲ" ಎಂದೆ. ಅವನನ್ನು ಬಿಟ್ಟರು.

ಆ ಭಾನುವಾರ ಬೆಳಿಗ್ಗೆ ಅವನು ತನ್ನ ಟೆಂಪೋದಲ್ಲೇ ಮೈದಾನಕ್ಕೆ ಬಂದ. ನೆತ್ತಿ ಬೋಳಾಗಿತ್ತು, ಹೊಟ್ಟೆ ಬಂದಿತ್ತು. ನೇರ ನನ್ನ ಹತ್ತಿರ ಬಂದು, "ನಮಸ್ಕಾರ್ರಿ ಕಾಕಾ. ಮೊಣಕಾಲು ಹ್ಯಾಂಗವರಿ?" ಎಂದ.

ನಾಯಕ ಅವನ ಹೊಟ್ಟೆ ನೋಡಿ, "ಏನಪಾ, ಚೆಂಡೆಲ್ಲಾ ನುಂಗಿ ಕುಂತಿಯೇನು?" ಎಂದು ಛೇಡಿಸಿದ.

"ಟೆಂಪೋ ಹೊಡದು ಹೊಡದು ಬಂದದರಿ ಇದು. ಕೈಗೇನೂ ಆಗಿಲ್ಲ."

ಮೊದಲ ಚೆಂಡು ಈಗಿನ ಕ್ಯಾಚರ್‌ನ ತಲೆಯ ಮೇಲಿಂದ, ಅವನ ಹಿಂದೆ ಕಟ್ಟಿದ ಬಲೆಯ ಮೇಲಿಂದ ಹಾರಿ ನಾಯಕನ ಸ್ಕೂಟರಿಗೇ ಬಡಿಯಿತು. "ಅರೇ ಬಾಪ್ ರೇ!" ಎಂದು ಎಲ್ಲರೂ ನಕ್ಕರು. ಎರಡನೆಯದು ಅಗಲಕ್ಕೆ ಹೋಯಿತು. ನಾಯಕ ನನ್ನತ್ತ ನೋಡಿ ತಲೆ ಅಲ್ಲಾಡಿಸಿದ. ನಾನು ಬಲೆಯ ಹಿಂದೆ ನಿಂತಿದ್ದೆ.

ಆಮೇಲೆ ಅದು ಬಂತು. ಅದೇ ಎತ್ತರ, ಅದೇ ನಂಬಿಸುವ ದಾರಿ, ಅದೇ ಇಳಿತ. ಈಗಿನ ಕ್ಯಾಚರ್ ಗ್ಯಾರೇಜಿನಲ್ಲಿ ಕೆಲಸ ಮಾಡುವ ಗಟ್ಟಿಮುಟ್ಟಾದ ಯುವಕ. ಚೆಂಡು ಅವನ ಕೈಗವಸಿನ ಕೆಳಗಿಂದ ನುಸುಳಿ ಬಲೆಗೆ ಬಡಿದು ನನ್ನ ಕಾಲ ಬಳಿ ನಿಂತಿತು. ಆ ಯುವಕ ಒಂದು ಕ್ಷಣ ಕೂತಲ್ಲೇ ಕೂತ. ನಂತರ ಎದೆ ಮುಟ್ಟಿಕೊಂಡ.

ಅಂದು ಬರೆದುಕೊಳ್ಳುವವರು ಯಾರೂ ಇರಲಿಲ್ಲ. ಅವನು ಯಾರಿಗೂ ಏನೂ ತೋರಿಸಬೇಕಾಗಿರಲಿಲ್ಲ. ಆ ಚೆಂಡು ದೊಡ್ಡದೋ ಎದೆ ಮುಟ್ಟಿಕೊಂಡ ಆ ಕೈ ದೊಡ್ಡದೋ ಎಂದು ತಿಳಿಯದೆ ನಾನು ಬಲೆ ಹಿಡಿದು ನಿಂತೆ.

ಎಸೆದು ಮುಗಿದ ಮೇಲೆ ನಾಯಕ ಕ್ಯಾಚರ್‌ನನ್ನು ಕೇಳಿದ. "ಹೇಳಪಾ, ಕೊನೇ ಮಾತು ನಿಂದು. ತಗೋಬೇಕೋ ಬ್ಯಾಡೋ?"

"ನಾ ಇವತ್ತ ಮೊದಲನೇ ಸಲ ಹಿಡದೀನಿ. ಕಾಕಾ ಹೇಳ್ಲಿ. ಅವರಿಗೆ ಗೊತ್ತಿರ್ತದ."

ಎಲ್ಲರೂ ನನ್ನತ್ತ ತಿರುಗಿದರು. ಪಿಚರ್ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಹತ್ತಿರ ಬಂದಿದ್ದ. ಅವನ ಎದುರೇ ಹೇಳಿದೆ. ಹಿಂದಕ್ಕೆ ಹೋದ ಚೆಂಡುಗಳಲ್ಲಿ ಬಹಳಷ್ಟು ನಾನು ಹಿಡಿಯಬೇಕಾಗಿದ್ದವು, ನಾನು ಸುಳ್ಳು ಬೆರಳು ತೋರಿಸಿದೆ, ನನ್ನ ಜಾಗ ಉಳಿಸಿಕೊಳ್ಳಲು ಇವನ ಹೆಸರು ಕೆಡಿಸಿದೆ ಎಂದೆ.

ಪಿಚರ್ ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಕಾಕಾ, ನೀವು ಬೊಟ್ಟು ತೋರಿಸಿದಾಗೆಲ್ಲಾ ನಂದೇ ತಪ್ಪಂತ ತಿಳ್ಕೊಂಡೆರಿ. ಒಗಿಯಾಕ ಚೆಂಡ ಹಿಡಿಯೋ ರೀತೀನೇ ಬದಲಿ ಮಾಡ್ಕೊಂಡೆ. ಆಮ್ಯಾಲ ಖರೇನೇ ಎಲ್ಲೆಲ್ಲೋ ಹೋಗಲಾಕ ಹತ್ತಿತು. ಅದರಾಗ ನಿಮ್ಮವು ಯಾವು, ನನ್ನವು ಯಾವು, ಈಗ ಯಾರಿಗೆ ಗೊತ್ತದ?"

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ.

"ಇವನ್ನ ತಗೊಳ್ರಿ," ಎಂದೆ ನಾಯಕನಿಗೆ.

"ಕಾಕಾ," ಎಂದ ನಾಯಕ, ಮೆಲ್ಲಗೆ. "ಆಗ ನಿಮ್ಮ ಮಾತಿನ ಮ್ಯಾಲೆ ಇವನ್ನ ಬಿಟ್ಟಿದ್ರು. ಈಗ ನಿಮ್ಮ ಮಾತಿನ ಮ್ಯಾಲೇ ತಗೋಬೇಕಂತೀರೇನು?"

ಗ್ಯಾರೇಜಿನ ಯುವಕ ಎದ್ದು ಕಂಬಿಯ ಮುಖವಾಡವನ್ನು ತಲೆಯ ಮೇಲಕ್ಕೆ ಸರಿಸಿದ. "ಹಂಗಾರ ನಾ ಹೇಳ್ತೀನಿ. ತಗೊಳ್ರಿ. ನಾಕು ಚೆಂಡು ಸ್ಕೂಟರಿಗೆ ಹೋಗ್ಲಿ, ಪರವಾಗಿಲ್ಲ. ಅಂಥಾದ್ದೊಂದು ಬರ್ತದಲ್ಲ, ಅದನ್ನ ಹಿಡಿಯೂದು ನಾ ಕಲೀತೀನಿ."

"ಸ್ಕೂಟರ್ ನಂದದಲೇ," ಎಂದ ನಾಯಕ. ಆಮೇಲೆ ಪಿಚರ್‌ಗೆ, "ಈ ಪಂದ್ಯಾವಳಿಗಷ್ಟ. ಮುಂದಿಂದು ಮುಂದ ನೋಡೂಣು. ಆಯ್ತಾ?"

"ಆಯ್ತರಿ. ಭಾನುವಾರ ಮುಂಜಾನಿ ಗಾಡಿ ಖಾಲಿ ಇರ್ತದ, ಬರ್ತೀನಿ."

ಅವರಿಬ್ಬರೂ ಮತ್ತೆ ಅಭ್ಯಾಸಕ್ಕೆ ಹೋದರು. ನಾನು ಬಲೆಯ ಹಿಂದೆ ಮೊದಲು ನಿಂತಿದ್ದ ಜಾಗಕ್ಕೇ ಹೋಗಿ ನಿಂತೆ. ಪಿಚರ್ ಕೈ ಎತ್ತಿದವನು ಎಸೆಯದೆ ಇಳಿಸಿದ.

"ಕಾಕಾ, ಅಲ್ಲಿ ನಿಂದರಬ್ಯಾಡ್ರಿ. ನನಗ ನಿಮ್ಮ ಕೈ ಕಾಣ್ತದ."

ನಾನು ಅಲ್ಲಿಂದ ಸರಿದೆ. ಮೈದಾನದ ಬದಿಯಲ್ಲಿ, ಅವರಿಬ್ಬರ ನಡುವಿನ ದಾರಿ ಉದ್ದಕ್ಕೂ ಕಾಣುವ ಕಡೆ, ಕಲ್ಲಿನ ಮೇಲೆ ಕೂತೆ. ಅಷ್ಟು ವರ್ಷ ನಾನು ಆ ಚೆಂಡನ್ನು ಎದುರಿನಿಂದಷ್ಟೇ ನೋಡಿದ್ದೆ, ಬದಿಯಿಂದ ನೋಡಿರಲೇ ಇಲ್ಲ. ಅದು ನೆಟ್ಟಗೆ ಹೊರಟಿತು, ಹಾಗೇ ಹೋಯಿತು, ಇನ್ನೇನು ಮುಗಿಯಿತು ಎನ್ನುವಾಗ ಗಾಳಿಯಲ್ಲೇ ಏನನ್ನೋ ನೆನಪಿಸಿಕೊಂಡಂತೆ ಬಾಗಿ ಕೆಳಗಿಳಿಯಿತು. ಯುವಕನ ಕೈಗವಸು ಅದರ ಕೆಳಗೆ ಕಾಯುತ್ತಿತ್ತು. ಠಪ್ ಎಂಬ ಸದ್ದು ನನ್ನವರೆಗೂ ಬಂತು.